ಕಮಾನು ಎತ್ತಿದ ಸಂಜೆ

ಪುತ್ತೂರಿನ ಡಾಕ್ಟರೊಬ್ಬರು ಪ್ರತಿ ಮೇ ತಿಂಗಳಲ್ಲಿ ತಮ್ಮ ಮನೆಯ ಮಹಡಿಯಲ್ಲಿ ಸಂಗೀತ ಕಚೇರಿಗಳನ್ನು ಇಟ್ಟುಕೊಳ್ಳುತ್ತಾರೆ. ಮೈಕ್ ಇಲ್ಲ. ಐವತ್ತು ಜನ ಕೂತರೆ ಜಾಗ ಮುಗಿಯಿತು. ಹಾಡು ಶುರುವಾದ ಕೂಡಲೇ ಫ್ಯಾನ್ ಬಂದ್, ಅದರ ಸದ್ದಿಗೆ ತಂಬೂರಿ ಕೇಳಿಸುವುದಿಲ್ಲ. ಬಂದವರಿಗೆಲ್ಲ ಬಾಗಿಲಲ್ಲೇ ಒಂದೊಂದು ಅಡಿಕೆ ಹಾಳೆಯ ಬೀಸಣಿಗೆ ಕೊಡುತ್ತಾರೆ. ಅಂಥ ಕೋಣೆಯಲ್ಲಿ ಯಾರದಾದರೂ ಮರ್ಯಾದೆ ಹೋದರೆ ಕೊನೆಯ ಸಾಲಿನವರಿಗೂ ಸ್ಪಷ್ಟವಾಗಿ ಕೇಳುತ್ತದೆ. ನನ್ನದು ಹೋದದ್ದು ಅಲ್ಲೇ.

ನಾನು ಪಿಟೀಲು ನುಡಿಸುವವಳು. ಆಗ ಕಾಲೇಜು ಮುಗಿಸಿದ ಹೊಸತು. ಮೈಸೂರು ಕಡೆಯ ಹೆಸರುವಾಸಿ ಹಾಡುಗಾರರೊಬ್ಬರಿಗೆ ಪಕ್ಕವಾದ್ಯಕ್ಕೆ ಡಾಕ್ಟರು ನನ್ನನ್ನು ಕೂರಿಸಿದ್ದರು. ಎರಡನೇ ಕೀರ್ತನೆಯ ನಡುವೆ ಆ ಮನುಷ್ಯ ನನ್ನ ಕಡೆ ನೋಡದೆಯೇ ಎಡಗೈ ಎತ್ತಿ ತಡೆದರು. ನಾನು ನಿಲ್ಲಿಸಿದೆ. "ಈ ಮಗು ಮನೆಯಲ್ಲಿ ಇನ್ನೂ ಸ್ವಲ್ಪ ಕಲೀಲಿ, ನಾವು ಮುಂದುವರಿಸೋಣ," ಎಂದರು ಸಭೆಗೆ. ಜನ ನಕ್ಕರು. ಕಚೇರಿಯ ಮಧ್ಯೆ ವೇದಿಕೆ ಬಿಟ್ಟು ಏಳುವ ಕ್ರಮ ನಮ್ಮಲ್ಲಿಲ್ಲ. ಹಾಗಾಗಿ ಮಂಗಳ ಹಾಡುವವರೆಗೂ ಪಿಟೀಲನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕೂತಿದ್ದೆ. ಎದುರಿನ ಸಾಲಿನಲ್ಲಿ ನನ್ನ ಶಿಷ್ಯೆಯರ ತಾಯಂದಿರಿದ್ದರು.

ಮುಂದಿನ ವಾರದಿಂದ ಪಾಠಕ್ಕೆ ಮಕ್ಕಳು ಕಡಿಮೆಯಾದರು. ಒಬ್ಬರಿಗೆ ಟ್ಯೂಷನ್, ಇನ್ನೊಬ್ಬರಿಗೆ ಭರತನಾಟ್ಯ. ಡಾಕ್ಟರು ಮಂಗಳೂರಿನಿಂದ ಪಿಟೀಲಿನವರನ್ನು ಕರೆಸತೊಡಗಿದರು. ಅವರನ್ನು ನೋಡಿ ಸುಳ್ಯದಲ್ಲಿ ಕಚೇರಿ ನಡೆಸುವವರೂ ಹಾಗೇ ಮಾಡಿದರು. ನಾನು ಬಸ್ಸು ಹತ್ತಿ ಕಡಬಕ್ಕೆ ಹೋಗಿ, ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಸರಳೆ ವರಸೆ ಹೇಳಿಕೊಟ್ಟು ಬದುಕಿದೆ. ನನ್ನ ಊರಿನ ವೇದಿಕೆಯ ಮೇಲೆ ನನಗೊಂದು ಜಾಗವಿತ್ತು, ಅದನ್ನು ಒಂದು ಕೈಸನ್ನೆ ಕಿತ್ತುಕೊಂಡಿತು. ಅದು ನನಗೆ ವಾಪಸ್ ಬೇಕಿತ್ತು. ಜೊತೆಗೆ ಆ ಕೈ ಮುರಿದು ಬೀಳಬೇಕೆಂಬ ಆಸೆಯೂ ಇತ್ತು. ಸುಳ್ಳು ಯಾಕೆ ಹೇಳಲಿ?

ಆ ಹಾಡುಗಾರರ ಒಂದು ಕಚೇರಿಯನ್ನೂ ನಾನು ಬಿಟ್ಟವಳಲ್ಲ. ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಕೇಳಿದೆ. ಭಕ್ತಿಯಿಂದ ಕೇಳುವವರಿಗಿಂತ ಹೊಟ್ಟೆಯುರಿಯಿಂದ ಕೇಳುವವರಿಗೆ ಕಿವಿ ಚುರುಕು. ವರ್ಷ ಕಳೆದ ಹಾಗೆ ಅವರ ದನಿ ಮೇಲಿನ ಸ್ಥಾಯಿಯಲ್ಲಿ ನಿಲ್ಲದಾಯಿತು. ಗಾಂಧಾರ ಮುಟ್ಟಿದ ಕೂಡಲೇ ಬಿರಿಯುತ್ತಿತ್ತು. ಸಭೆಗೆ ಗೊತ್ತಾಗುತ್ತಿರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ಪಿಟೀಲಿನವರು ಆ ಸ್ವರವನ್ನು ಹಿಡಿದು ಎಳೆದುಬಿಡುತ್ತಿದ್ದರು. ಹಾಡುವವರ ಬಿರುಕನ್ನು ಮುಚ್ಚುವುದು ಪಕ್ಕವಾದ್ಯದವರ ಧರ್ಮ. ಯಾರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಕಳೆದ ಮೇಯಲ್ಲಿ ಒಂದು ಬೆಳಿಗ್ಗೆ ಡಾಕ್ಟರ ಫೋನು ಬಂತು.

"ಇವತ್ತು ಸಂಜೆ ಒಂದು ಕಚೇರಿ ಉಂಟು. ಮಂಗಳೂರಿನವರಿಗೆ ಜ್ವರ ಅಂತೆ ಮಾರಾಯ್ತಿ. ನಿಮಗೆ ಬರ್ಲಿಕ್ಕೆ ಆಗ್ತದಾ?"

"ಯಾರು ಹಾಡುದು?"

ಅವರು ಅದೇ ಮೈಸೂರು ಕಡೆಯವರ ಹೆಸರು ಹೇಳಿದರು, ಸ್ವಲ್ಪ ತಡೆದು. ಅವರಿಗೆ ನೆನಪಿತ್ತು ಎಂದಾಯಿತು.

"ಬರ್ತೇನೆ," ಎಂದೆ. ಒಳ್ಳೆಯ ಸೀರೆಯನ್ನೇ ಉಟ್ಟುಕೊಂಡು ಹೋದೆ.

ಹಾಡುಗಾರರಿಗೆ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನಗೆ ಕೈಮುಗಿದು, "ಕಲ್ಯಾಣಿ ವಿಸ್ತಾರವಾಗಿ ಹಾಡ್ತೀನಮ್ಮ," ಎಂದರು. ಗುರುತಿದ್ದ ಹಾಗೆ ಕಾಣಲಿಲ್ಲ. ಆಗಲಿ ಎಂದುಕೊಂಡೆ. ಮೊದಲಿನ ಕೀರ್ತನೆಗಳಿಗೆ ನಾನು ನೆರಳಿನಂತೆ ಹಿಂದೆಯೇ ಹೋದೆ. ಅವರಿಗೆ ನಂಬಿಕೆ ಬಂತು. ಕಲ್ಯಾಣಿಯ ಆಲಾಪನೆಯಲ್ಲಿ ಅವರು ಮೆಲ್ಲನೆ ಹತ್ತುತ್ತ ಮೇಲಿನ ಷಡ್ಜ ದಾಟಿ, ರಿಷಭದಲ್ಲಿ ಒಂದು ಗಳಿಗೆ ನಿಂತು, ಗಾಂಧಾರಕ್ಕೆ ಕೈ ಹಾಕಿದರು. ಅಲ್ಲಿ ನಾನು ಕಮಾನನ್ನು ತಂತಿಯಿಂದ ಎತ್ತಿಬಿಟ್ಟೆ.

ದನಿ ಒಡೆಯಿತು. ಇಡೀ ಕೋಣೆಗೆ ಕೇಳಿಸಿತು. ಬೀಸಣಿಗೆಗಳು ನಿಂತವು. ಅವರು ಇನ್ನೊಮ್ಮೆ ಪ್ರಯತ್ನಿಸಿದರು, ಇನ್ನೊಮ್ಮೆ ಒಡೆಯಿತು. ನನ್ನ ಕಡೆ ತಿರುಗಿದರು. ನಾನು ಶ್ರುತಿಪೆಟ್ಟಿಗೆಯನ್ನು ನೋಡುತ್ತಿದ್ದೆ. ಆಮೇಲೆ ನನ್ನ ಸರದಿ ಬಂದಾಗ ಅದೇ ದಾರಿಯಲ್ಲಿ ಹತ್ತಿ, ಅದೇ ಗಾಂಧಾರದ ಮೇಲೆ ಕಮಾನು ಮುಗಿಯುವವರೆಗೂ ನಿಂತೆ. ಎದುರು ಸಾಲಿನಿಂದ "ಭೇಷ್" ಬಂತು. ಎಷ್ಟು ಹಿತವಾಗಿತ್ತು ಅಂದರೆ, ಹೊಟ್ಟೆ ತಣ್ಣಗಾಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು.

ಅವರು ಒಂದು ಲೋಟ ನೀರು ಕುಡಿದು, ಸಭೆಯ ಕಡೆ ನೋಡಿ, "ಶ್ರುತಿ ಇಳಿಸಿ ಹಾಡ್ತೀನಿ. ಸ್ವಲ್ಪ ಸಮಯ ಕೊಡಿ," ಎಂದರು. ಹೆಸರಿದ್ದ ಹಾಡುಗಾರ ನಡು ಕಚೇರಿಯಲ್ಲಿ ಶ್ರುತಿ ಇಳಿಸುವುದೆಂದರೆ ತನ್ನ ವಯಸ್ಸನ್ನು ತಾನೇ ಡಂಗುರ ಸಾರಿದ ಹಾಗೆ. ನಾನು ತಂತಿಗಳನ್ನು ಸಡಿಲಿಸಿದೆ, ಮೃದಂಗದವರು ಕಲ್ಲಿನಿಂದ ಹೊಡೆದು ಹೊಡೆದು ಇಳಿಸಿದರು, ಜನ ಕಾದರು. ಆಮೇಲೆ ಅವರು ಹಾಡಿದರು. ಅಷ್ಟು ವರ್ಷ ಕೇಳಿದ ಯಾವ ಕಚೇರಿಯಲ್ಲೂ ಆ ದನಿಯನ್ನು ನಾನು ಕೇಳಿರಲಿಲ್ಲ. ಗಾಂಧಾರಕ್ಕೆ ಸಲೀಸಾಗಿ ಹೋಗಿ ಅಲ್ಲೇ ಕೂತರು. ಹಿಂದಿನ ಸಾಲಿನಲ್ಲಿ ಹೆಂಗಸೊಬ್ಬರು ಕಣ್ಣೊರೆಸಿಕೊಂಡರು. ನನಗೆ ಕೋಪ ಬಂತು, ಕೋಪದಲ್ಲೂ ಕೈ ಮಾತ್ರ ಚೆನ್ನಾಗಿಯೇ ಓಡಿತು.

ಮಂಗಳವಾದ ಮೇಲೆ ಅವರು ಸಭೆಗೆ ನನ್ನನ್ನು ತೋರಿಸಿದರು. "ಜೊತೆಗೆ ಕೂತವರೆಲ್ಲ ಇಷ್ಟು ದಿನ ನನ್ನ ದನಿಗೆ ತೇಪೆ ಹಾಕ್ತಾ ಬಂದ್ರು. ಈಕೆ ಹಾಕಲಿಲ್ಲ." ಚಪ್ಪಾಳೆ ಬಿತ್ತು. ಡಾಕ್ಟರ ಚಪ್ಪಾಳೆ ಎಲ್ಲರದಕ್ಕಿಂತ ಜೋರಾಗಿತ್ತು.

ಕೆಳಗೆ ಪುನರ್ಪುಳಿ ಶರಬತ್ತು ಕುಡಿಯುತ್ತ ಹಾಡುಗಾರರು ಕೇಳಿದರು, "ಇಷ್ಟು ವರ್ಷ ಎಲ್ಲಿದ್ರಮ್ಮ ನೀವು?"

ನಾನು ಹೇಳಿದೆ. ಡಾಕ್ಟರ ಎದುರಿನಲ್ಲೇ, ಒಂದು ಮಾತೂ ಬಿಡದೆ ಹೇಳಿದೆ. ಎತ್ತಿದ ಕೈ, ಆಡಿದ ಮಾತು, ನಕ್ಕ ಜನ, ಕಡಬದ ಬಸ್ಸು. ಡಾಕ್ಟರು ಲೋಟದೊಳಗೆ ನೋಡತೊಡಗಿದರು. ಹಾಡುಗಾರರು ಹಣೆಗೆ ಕೈಯಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು.

"ನೆನಪಿಲ್ಲಮ್ಮ," ಎಂದರು. "ಮಾಡಿರ್ತೀನಿ. ತಪ್ಪಾಯ್ತು. ಆದರೆ ನಿಜವಾಗಿ ನೆನಪಿಲ್ಲ."

ಸುಳ್ಳಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮುಖ ನೋಡಿದರೆ ಗೊತ್ತಾಗುತ್ತಿತ್ತು, ಸತ್ಯವನ್ನೇ ಹೇಳುತ್ತಿದ್ದರು. ನಾನು ಅಷ್ಟು ವರ್ಷ ಹಲ್ಲು ಕಚ್ಚಿ ಕಾಪಾಡಿಕೊಂಡು ಬಂದದ್ದು ಅವರ ತಲೆಯಲ್ಲಿ ಒಂದು ದಿನವೂ ಉಳಿದಿರಲಿಲ್ಲ.

ಈಗ ಪುತ್ತೂರಿನಲ್ಲಿ ಮತ್ತೆ ಪಾಠವಿದೆ, ಸುಳ್ಯದವರೂ ಕರೆಯುತ್ತಾರೆ. ಬರುವ ಮೇಯ ಕಚೇರಿಗೆ ಹಾಡುಗಾರರು ಪಿಟೀಲಿಗೆ ನನ್ನನ್ನೇ ಕೇಳಿದ್ದಾರೆ. ಒಪ್ಪಿಕೊಂಡಿದ್ದೇನೆ. ಏನು ಮಾಡುತ್ತೇನೆಂದು ಇನ್ನೂ ಗೊತ್ತಿಲ್ಲ, ಆದರೆ ಈ ಸಲ ಅವರು ಮರೆಯಬಾರದು.