ನೀಲವ್ವ ಉಡಿಗೆ ಹಾಕಿದ ಬೀಜ

2004ರ ಮಳೆಗಾಲದಲ್ಲಿ ನಾನು ಬ್ಯಾಡಗಿ ತಾಲೂಕಿನಲ್ಲಿ ಸಹಾಯಕ ತೋಟಗಾರಿಕಾ ಅಧಿಕಾರಿಯಾಗಿದ್ದೆ. ಅಲ್ಲಿನ ಮೆಣಸಿನಕಾಯಿಗೆ ಹೆಸರು ಬಂದದ್ದೇ ಸುಕ್ಕು ಸಿಪ್ಪೆಯಿಂದ, ಕಡುಗೆಂಪು ಬಣ್ಣದಿಂದ. ಅಲ್ಲಿನ ರೈತ ಹೆಂಗಸು ನೀಲವ್ವನ ರಾಶಿ ಮಾರುಕಟ್ಟೆಗೆ ಬಂತೆಂದರೆ ವ್ಯಾಪಾರಿಗಳು ಕಾಯಿ ಮುರಿದೂ ನೋಡುತ್ತಿರಲಿಲ್ಲ. ಅತ್ತೆಯಿಂದ ಬಂದ ತಳಿ ಅದು. ಪ್ರತಿ ವರ್ಷ ತಾನೇ ಕಾಯಿ ಆರಿಸಿ ಬೀಜ ತೆಗೆದು, ತವರಿಗೆ ಬಂದ ಹೆಣ್ಣುಮಕ್ಕಳ ಉಡಿಗೂ ಹಾಕಿ ಕಳಿಸುತ್ತಿದ್ದಳು.

ಆ ವರ್ಷ ಆಕೆಯ ಮೈದುನ ಬದುವಿನಾಚೆ ನುಣ್ಣನೆಯ ಕಾಯಿ ಬಿಡುವ ಹೈಬ್ರಿಡ್ ಹಚ್ಚಿದ್ದ. ಬೀಜಕ್ಕೆಂದು ಬೆಳೆಯುವ ಮೆಣಸಿನ ಗಿಡ ಬೇರೆ ತಳಿಯಿಂದ ಇನ್ನೂರು ಮೀಟರಾದರೂ ದೂರವಿರಬೇಕು. ಇದಕ್ಕೆ ಐಸೊಲೇಶನ್ ಎನ್ನುತ್ತೇವೆ. ಪರಾಗ ಹೊತ್ತ ಜೇನ್ನೊಣ ಬದು ನೋಡಿ ಹಿಂತಿರುಗುವುದಿಲ್ಲ. ಹೂ ಅರಳುವ ಮೊದಲೇ ಕೆಲವು ಗಿಡಗಳಿಗೆ ತೆಳು ಬಟ್ಟೆ ಕಟ್ಟಿ, ಅವುಗಳಿಂದಷ್ಟೇ ಬೀಜ ತೆಗೆಯಲು ಹೇಳಿದೆ.

"ಕಾಯಿ ನೋಡಿ ಬೀಜ ಇಡಾಕಿ ನಾನು. ನುಣ್ಣಂದು ಬಂದ್ರ ಕಣ್ಣಿಗೆ ಕಾಣೂದಿಲ್ಲೇನ್ರಿ ಸಾಹೇಬ್ರ?" ಎಂದು ನಕ್ಕಳು, ಬಟ್ಟೆ ಕಟ್ಟಲಿಲ್ಲ.

ಕೊಯ್ಲಿನಲ್ಲಿ ಒಂದೂ ನುಣ್ಣಗೆ ಬರಲಿಲ್ಲ. ಸೆರಗಿನ ತುಂಬ ಸುಕ್ಕುಗಾಯಿ ತಂದು ನನ್ನ ಮುಂದೆ ಸುರಿದಳು. ಕಾಯಿಯ ಸಿಪ್ಪೆ ತಾಯಿಗಿಡದ್ದು. ಪರಾಗ ಯಾವುದೇ ಇರಲಿ, ಅದು ತಾಯಿಯಂತೆಯೇ ಇರುತ್ತದೆ. ಬೆರಕೆ ಕೂತಿರುವುದು ಒಳಗಿನ ಬೀಜದಲ್ಲಿ, ಕಣ್ಣಿಗೆ ಬೀಳುವುದು ಅದನ್ನು ಬಿತ್ತಿದ ಮೇಲೆ. ಹೋದ ವರ್ಷದ ಬೀಜವನ್ನಾದರೂ ಒಂದು ಹಿಡಿ ಇಟ್ಟುಕೊಳ್ಳಿ ಎಂದು ಅಂಗಲಾಚಿದೆ.

"ಹೊಸ ಬೀಜ ಬಂದಮ್ಯಾಲೆ ಹಳೇದು ಮನ್ಯಾಗ ಇರಬಾರದ್ರಿ. ನಿಮ್ಮ ಪುಸ್ತಕದ್ದು ಸುಳ್ಳಾತು, ಒಪ್ಕೊಳ್ರಿ."

ರೂಢಿಯಂತೆ ಹಳೆಯ ಬೀಜವನ್ನೆಲ್ಲ ಬದುವಿಗೆ ಚೆಲ್ಲಿದಳು, ಹೊಸದನ್ನು ಹೆಣ್ಣುಮಕ್ಕಳ ಉಡಿಗೆ ಹಾಕಿದಳು.

ಮರುವರ್ಷ ಬ್ಯಾಡಗಿ ಮಾರುಕಟ್ಟೆಯಲ್ಲಿ ವ್ಯಾಪಾರಿಯೊಬ್ಬ ಆಕೆಯ ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ಅರೆಬರೆ ಸುಕ್ಕಿನ ಕಾಯಿಗಳನ್ನು ಆರಿಸಿ ಬದಿಗಿಟ್ಟ. "ಯವ್ವಾ, ಇದು ಬೆರಕಿ ಮಾಲು. ನಿನ್ನ ಹೆಸರ ಹೇಳಿ ಮಾರಾಕ ಬರೂದಿಲ್ಲ."

ಹಳೆಯ ಬೀಜ ಹುಡುಕುತ್ತ ನೀಲವ್ವನ ಜೊತೆ ನಾನೂ ಅಲೆದೆ. ಅಗಡಿಯ ಮಗಳ ಹೊಲದಲ್ಲೂ ಅದೇ ಬೆರಕೆ, ರಾಣೆಬೆನ್ನೂರಿನ ಮಗಳ ಹೊಲದಲ್ಲೂ ಅದೇ. ತಾಯಿ ಕಲಿಸಿದಂತೆ ಇಬ್ಬರೂ ಹಳೆಯದನ್ನು ಚೆಲ್ಲಿದ್ದರು. ಮೈದುನನನ್ನು ಬೈಯೋಣವೆಂದರೆ, ಅವನು ತನ್ನ ಹೊಲದಲ್ಲಿ ತನಗೆ ಬೇಕಾದ್ದನ್ನು ಬೆಳೆದಿದ್ದ.

2006ರ ಮುಂಗಾರಿನಲ್ಲಿ ಆಕೆ ಬೀಜದಂಗಡಿಯಲ್ಲಿ ಸಿಕ್ಕಳು. ಕೈಯಲ್ಲಿ ಮೈದುನ ಹಚ್ಚಿದ್ದ ಅದೇ ಹೈಬ್ರಿಡ್ ಪ್ಯಾಕೆಟ್. ಅದು ಒಂದೇ ಬೆಳೆಗೆ. ಅದರ ಕಾಯಿಯ ಬೀಜ ಬಿತ್ತಿದರೆ ಗಿಡಕ್ಕೊಂದು ಥರ ಕಾಯಿ.

"ಸಾಹೇಬ್ರ, ಇದರ ಬೀಜ ಹೆಣ್ಮಕ್ಕಳ ಉಡಿಗೆ ಹಾಕಾಕ ಬರ್ತೈತೇನ್ರಿ?"

"ಬರೂದಿಲ್ಲವ್ವಾ," ಎಂದೆ. ಪ್ಯಾಕೆಟ್ಟನ್ನು ಸೆರಗಿಗೆ ಕಟ್ಟಿಕೊಂಡು ಹೋದಳು.

ನನ್ನ ಮಾತು ನಿಜವಾಯಿತು. ಆ ನೆನಪು ಇಂದಿಗೂ ಕಹಿ. ಅಲ್ಲಿಂದ ಮುಂದೆ ಯಾವ ಹಳ್ಳಿಗೆ ಹೋದರೂ ಇದನ್ನೇ ಮೊದಲು ಹೇಳಿದೆ: ಹೊಸ ಬೀಜದ ಗಿಡ ಕಾಯಿ ಬಿಡುವವರೆಗೂ ಹಳೆಯದನ್ನು ಒಂದು ಹಿಡಿ ಇಟ್ಟಿರಿ. ಜನ ಕೇಳಿದರು, ಇಟ್ಟರು. ನೀಲವ್ವನ ತಳಿ ಮಾತ್ರ ಎಲ್ಲಿಯೂ ಇಲ್ಲ.