ಮೇಷ್ಟ್ರ ಬಸ್ಸಿನ ಪಾಠ

ಪೆನಿಯಾಮಿನಾ ಮೇಷ್ಟ್ರ ಸಮಾಜಶಾಸ್ತ್ರ ಕಾಲೇಜಿನಲ್ಲಿ ಮುಗಿಯುವಂಥದ್ದಲ್ಲ, ರಾಜಧಾನಿ ಅಪಿಯಾದಿಂದ ಊರಿಗೆ ಬರುವ ಬಸ್ಸಿನಲ್ಲೂ ನಡೆಯುತ್ತದೆ. ನಮ್ಮ ಸಮೋವಾ ಬಸ್ಸಿನಲ್ಲಿ ಸೀಟು ತುಂಬಿದರೆ ಯಾರೂ ನಿಲ್ಲುವುದಿಲ್ಲ, ಕೂತವರ ತೊಡೆಯೇರುತ್ತಾರೆ. ಹಿರಿಯರು ಹತ್ತಿದರೆ ಮಾತ್ರ ಮುಂದಿನ ಸೀಟು ತಾನಾಗಿ ಖಾಲಿಯಾಗುತ್ತದೆ. ತಮ್ಮ ತೊಡೆಯ ಮೇಲೆ ಕೂತ ಬಡಗಿ ಸೆಫೊನ ಬೆನ್ನಿಗೇ ಮೇಷ್ಟ್ರು ಪಾಠ ಹೇಳುತ್ತಾರೆ: “ನೋಡಯ್ಯ, ಯಾರೂ ಹೇಳಲ್ಲ, ಎಲ್ರಿಗೂ ಗೊತ್ತಿರತ್ತೆ. ಕಟ್ಟಳೆ ಅನ್ನೋದು ಪುಸ್ತಕದಲ್ಲಿಲ್ಲ, ಮೈಯಲ್ಲಿದೆ. ಇದನ್ನೇ ಸಮಾಜ ಅನ್ನೋದು.” “ಇರ್ಲಿ ಮೇಷ್ಟ್ರೇ, ನೀವು ಮಂಡಿ ಅಲ್ಲಾಡಿಸ್ಬೇಡಿ,” ಅನ್ನುತ್ತಾನೆ ಸೆಫೊ. ಇಪ್ಪತ್ತು ವರ್ಷದಿಂದ ಇದೇ ಪಾಠ, ಇದೇ ಮಂಡಿ. ಮೊನ್ನೆ ಮೇಷ್ಟ್ರು ಬಸ್ಸು ಹತ್ತುತ್ತಲೇ ಮುಂದಿನ ಸೀಟಿನಲ್ಲಿದ್ದ ಸೆಫೊ ತಾನಾಗಿ ಎದ್ದು ಹಿಂದಕ್ಕೆ ಹೋದ. ಯಾವ ಹಿರಿಯರು ಬಂದರೆಂದು ಮೇಷ್ಟ್ರು ತಿರುಗಿ ನೋಡಿದರು. ಬಾಗಿಲಲ್ಲಿ ಅವರ ಹಿಂದೆ ಯಾರೂ ಇರಲಿಲ್ಲ.