ಖೈರುನ್ನೀಸಾ ಬಿಟ್ಟುಕೊಡದ ವೈರಿನ ಫೋನು

ಬೆಳಗಿನ ಐದೂವರೆ. ಭದ್ರಾವತಿ ನ್ಯೂ ಟೌನ್‌ನ ಸಾಲುಮನೆಗಳಲ್ಲಿ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿವೆ. ಖೈರುನ್ನೀಸಾ ನಮಾಜು ಮುಗಿಸಿ, ಚಹಾದ ಲೋಟ ಹಿಡಿದು, ಹಜಾರಕ್ಕೆ ಅಂಟಿಕೊಂಡ ಚಿಕ್ಕ ಕೋಣೆಗೆ ಬಂದು ಕೂರುತ್ತಾರೆ. ಕಿಟಕಿಗೆ ಒತ್ತಿ ಹಾಕಿದ ಮೇಜು, ಗೆರೆ ಎಳೆದ ಉದ್ದನೆಯ ನೋಟ್‌ಬುಕ್ಕು, ಬೂದು ಬಣ್ಣದ ಒಂದು ಡೆಸ್ಕ್ ಫೋನು. ರಿಸೀವರ್ ಎತ್ತಿ ಎಡಗಿವಿಗೆ ಒತ್ತಿಕೊಂಡು, ಪುಸ್ತಕ ನೋಡದೆಯೇ ನಂಬರು ಒತ್ತುತ್ತಾರೆ.

"ಅಪ್ಪಾಜಿ, ಖೈರುನ್ನೀಸಾ. ತೂಕ ನೋಡ್ಕೊಂಡ್ರಾ? ಅರವತ್ತೆರಡೂವರೆನಾ, ಅರವತ್ಮೂರೂವರೆನಾ? ಇನ್ನೊಂದ್ಸಲ ಹೇಳಿ. ರಾತ್ರಿ ಅಂಗಾತ ಮಲ್ಗೋಕಾಯ್ತಾ? ಕಾಲು ಊದಿದ್ಯಾ? ಸರಿ, ಆರೂಕಾಲಿಗೆ ವ್ಯಾನ್ ಬರತ್ತೆ, ಗೇಟ್ ಹತ್ರ ಇರಿ."

ಅತ್ತ ಕಡೆ ಇರುವುದು ಕಿಡ್ನಿ ಕೈಕೊಟ್ಟ ಒಬ್ಬ ಹಿರಿಯರು. ಭದ್ರಾವತಿ ಮತ್ತು ಸುತ್ತಲಿನ ಊರುಗಳ ಮೂವತ್ತೆಂಟು ಜನ ವಾರಕ್ಕೆ ಮೂರು ಸಲ ಶಿವಮೊಗ್ಗಕ್ಕೆ ಹೋಗಿ, ಒಂದು ಖಾಸಗಿ ಟ್ರಸ್ಟಿನ ಕೇಂದ್ರದಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಅವರನ್ನು ಕರೆದೊಯ್ಯಲು ಟ್ರಸ್ಟಿನ ಎರಡು ವ್ಯಾನುಗಳಿವೆ. ಯಾರು ಬರುತ್ತಾರೆ, ಯಾರ ಮೈಯಲ್ಲಿ ನೀರು ಹೆಚ್ಚು ನಿಂತಿದೆ, ಯಾರನ್ನು ಮೊದಲು ಮೆಷಿನ್ನಿಗೆ ಹಾಕಬೇಕು ಎನ್ನುವುದೆಲ್ಲ ಶಿವಮೊಗ್ಗಕ್ಕೆ ತಿಳಿಯುವುದು ಈ ಕೋಣೆಯಿಂದ. ರೋಗಿಗಳು, ಡ್ರೈವರುಗಳು, ಕೇಂದ್ರದವರು ಎಲ್ಲ ಸೇರಿ ದಿನಕ್ಕೆ ನೂರರ ಆಸುಪಾಸು ಕರೆ. ಭಾನುವಾರ ಮಾತ್ರ ರಜೆ. ಒಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿರುವ ಐವತ್ತಮೂರರ ಖೈರುನ್ನೀಸಾ ಟ್ರಸ್ಟಿನ ಕಾಗದಗಳಲ್ಲಿ ಇಂದಿಗೂ 'ತಾತ್ಕಾಲಿಕ ಸಹಾಯಕಿ'.

ಅದಕ್ಕೂ ಮೊದಲು ಹದಿನಾಲ್ಕು ವರ್ಷ ಅವರು ಮಾಚೇನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಒಂದು ಸೋಮವಾರ ಕೆಲಸಕ್ಕೆ ಹೋದಾಗ ಅವರ ಬೋರ್ಡು ಇದ್ದ ಜಾಗದಲ್ಲಿ ಹೂವಿನ ಕುಂಡ ಇತ್ತು. ಕರೆಗಳನ್ನು ಇನ್ನು ಮೆಷಿನ್ನೇ ನೋಡಿಕೊಳ್ಳುತ್ತದೆ ಎಂದರು. "ಶನಿವಾರನೇ ಹೇಳಿದ್ರೆ ಬಸ್ ಚಾರ್ಜಾದ್ರೂ ಉಳೀತಿತ್ತು" ಎಂದು ಖೈರುನ್ನೀಸಾ ಈಗ ನಗುತ್ತಾರೆ. ಆದರೆ ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಟ್ರಸ್ಟಿನ ಕೆಲಸ ಸಿಕ್ಕಾಗ ಅವರ ಕೈಗೆ ಬಂದದ್ದು ಒಂದು ಕಾರ್ಡ್‌ಲೆಸ್ ಫೋನು. ಮೂರನೇ ಕರೆಗೇ ಚಾರ್ಜ್ ಮುಗಿದು ಕೀಂಯ್ ಎನ್ನುತ್ತಿತ್ತು. ಆಮೇಲೆ ಮೊಬೈಲಿನಲ್ಲಿ ಪ್ರಯತ್ನಿಸಿದರು. ಮಾತಿನ ನಡುವೆ ಯಾರದೋ ಸಾಲದ ಜಾಹೀರಾತು, ಒಂದು ಪದ ಬಂದರೆ ಇನ್ನೊಂದು ಬಾರದು. ಒಬ್ಬ ಅಜ್ಜಿಯ ಐವತ್ತೊಂಬತ್ತು ಇವರ ಕಿವಿಗೆ ಐವತ್ತೆಂಟಾಗಿ ಕೇಳಿತು. ಆ ಒಂದು ಕಿಲೋ ಅಜ್ಜಿಯ ಮೈಯಲ್ಲಿ ನಿಂತ ನೀರು. ಶಿವಮೊಗ್ಗದಲ್ಲಿ ಮತ್ತೆ ತೂಕ ಹಾಕಿದ ನರ್ಸ್ ಅದನ್ನು ಕಂಡುಹಿಡಿದರು. ಮರುದಿನವೇ ಖೈರುನ್ನೀಸಾ, ಲಗೇಜ್ ಆಟೋ ಓಡಿಸುವ ಗಂಡ ಅಬ್ಬಾಸ್ ಅಲಿಯನ್ನು ಎಬ್ಬಿಸಿಕೊಂಡು ಶಿವಮೊಗ್ಗದ ನೆಹರೂ ರಸ್ತೆಗೆ ಹೋದರು.

ಅಲ್ಲಿನ ಫೋನ್ ಅಂಗಡಿಯ ಜ್ಞಾನೇಶ್ ಮೊದಲು ನಕ್ಕರಂತೆ. "ವೈರಿನ ಫೋನಾ ಅಕ್ಕ? ಅದನ್ನ ಈಗ ಯಾರು ಕೇಳ್ತಾರೆ?" ಎಂದರಂತೆ. ಅಟ್ಟದಿಂದ ಇಳಿಸಿದ ನಾಲ್ಕು ಫೋನುಗಳನ್ನು ಖೈರುನ್ನೀಸಾ ಅಂಗಡಿಯ ಲೈನಿಗೇ ಹಾಕಿಸಿದರು. ಗಂಡನನ್ನು ರಸ್ತೆಯ ಆಚೆ ನಿಲ್ಲಿಸಿ, ಮೊಬೈಲಿನಿಂದ ಮೆಲ್ಲಗೆ ಅಂಕಿ ಹೇಳಲು ಹೇಳಿದರು. ಎರಡು ಫೋನುಗಳಲ್ಲಿ ಎಂಟಕ್ಕೂ ಒಂಬತ್ತಕ್ಕೂ ವ್ಯತ್ಯಾಸ ತಿಳಿಯಲಿಲ್ಲ. ಮೂರನೆಯದು ತೀರಾ ಹಗುರ, ಗುಂಡಿ ಒತ್ತಿದರೆ ಮೇಜಿನ ಮೇಲೆ ಜಾರುತ್ತಿತ್ತು. ಕೊನೆಗೆ ಉಳಿದದ್ದು ಈ ಬೂದು ಫೋನು. ತಳಕ್ಕೆ ರಬ್ಬರ್ ಪಾದ, ದೊಡ್ಡ ಗುಂಡಿ, ಕರೆ ಬಂದರೆ ಮಿನುಗುವ ಕೆಂಪು ದೀಪ, ಕುತ್ತಿಗೆ ನೋಯುವ ದಿನ ಹೆಡ್‌ಫೋನ್ ಸಿಕ್ಕಿಸಲು ಒಂದು ತೂತು. "ಕಿವಿಗೆ ಕೂತ್ರೆ ಸಾಕು ಅಂತಿದ್ದೆ. ಇದು ಕೂತ್ಕೊಂತು" ಎನ್ನುತ್ತಾರೆ. ಹಳೆ ತಂತಿ ತೆಗೆದು ಫೈಬರ್ ಎಳೆದ ಮೇಲೆ ಕರೆಂಟು ಹೋದರೆ ಗೋಡೆಯ ಡಬ್ಬಿಯೂ ಸತ್ತು ಫೋನೂ ಸಾಯಲಾರಂಭಿಸಿತು. ಅದಕ್ಕೆ ಅಬ್ಬಾಸ್ ಅಲಿ ಒಂದು ಬ್ಯಾಟರಿ ಜೋಡಿಸಿಕೊಟ್ಟಿದ್ದಾರೆ. ಟ್ರಸ್ಟು ಇದ್ಯಾವುದನ್ನೂ ಕೊಟ್ಟದ್ದಲ್ಲ.

ಕಳೆದ ವರ್ಷ ಶಿವಮೊಗ್ಗದ ಕಚೇರಿಗೆ ಹೊಸ ಮ್ಯಾನೇಜರ್ ಬಂದರು. ಬಂದ ತಿಂಗಳಲ್ಲೇ ಮನೆಯಿಂದ ಕರೆ ಮಾಡುವ ಪದ್ಧತಿ ಹಳೆಯದಾಯಿತು ಎಂದು ತೀರ್ಮಾನಿಸಿದರು. ಇನ್ನು ಮುಂದೆ ಹಿಂದಿನ ದಿನ ಸಂಜೆ ರೋಗಿಗೆ ತಾನೇ ಕರೆ ಹೋಗುತ್ತದೆ, ಬರುವುದಾದರೆ ಒಂದು ಒತ್ತಬೇಕು, ಇಲ್ಲವಾದರೆ ಎರಡು. ಏನೂ ಒತ್ತದಿದ್ದರೆ ಬರುವುದಿಲ್ಲ ಎಂದೇ ಲೆಕ್ಕ. 'ಹಳೆಯ ನಂಬರ್ ಸ್ಥಗಿತಗೊಂಡಿದೆ' ಎಂದು ಮೂವತ್ತೆಂಟು ಮನೆಗೂ ಮೆಸೇಜು ಹೋಯಿತು. ಖೈರುನ್ನೀಸಾಗೆ ಮೊಬೈಲಿನಲ್ಲೊಂದು ಆ್ಯಪ್ ಹಾಕಿಕೊಟ್ಟು, ಅದರಲ್ಲಿ ಬರುವ ದೂರುಗಳಿಗೆ ಉತ್ತರಿಸಿದರೆ ಸಾಕು ಎಂದರು. ತೂಕ ಯಾರು ಕೇಳುತ್ತಾರೆ, ಉಸಿರು ಯಾರು ವಿಚಾರಿಸುತ್ತಾರೆ ಎಂದು ಅವರು ಕೇಳಿದರು.

"ವೈರ್ ಕಿತ್ತುಹಾಕಿ ಅಂದ್ರು. ನಾನು ಕೀಳ್ಲಿಲ್ಲ" ಎನ್ನುತ್ತಾರೆ ಖೈರುನ್ನೀಸಾ. "ಮೂವತ್ತೆಂಟು ಮನೆ ಗೋಡೆ ಮೇಲೆ ನನ್ನ ನಂಬರ್ ಬರ್ದಿದೆ. ಯಾರಾದ್ರೂ ಮಾಡಿದ್ರೆ ರಿಂಗಾದ್ರೂ ಆಗ್ಲಿ ಅಂತ."

ಹೊಸ ವ್ಯವಸ್ಥೆ ಶುರುವಾದ ಎರಡನೇ ವಾರ. ಲೇತ್ ಕೆಲಸ ಮಾಡಿ ನಿವೃತ್ತರಾದ ಎಪ್ಪತ್ತೊಂದರ ವೀರಪ್ಪನವರಿಗೆ ಭಾನುವಾರ ಸಂಜೆ ಕರೆ ಬಂತು. ಹೆಣ್ಣುದನಿಯ ರೆಕಾರ್ಡು ಕೇಳಿ, ಯಾವುದೋ ಜಾಹೀರಾತೆಂದು ಕಟ್ ಮಾಡಿದರು. ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಮುಕ್ಕಾಲು ಗಂಟೆ ನಿಂತರು. ವ್ಯಾನು ಬರಲಿಲ್ಲ. ಹೆಂಡತಿ ಜಯಶೀಲಾ ಡ್ರೈವರಿಗೆ ಫೋನ್ ಮಾಡಿದರೆ, "ಲಿಸ್ಟಲ್ಲಿ ಹೆಸ್ರಿಲ್ಲಮ್ಮ, ನಾನೇನ್ ಮಾಡ್ಲಿ" ಎಂದ. ಕಚೇರಿಯ ನಂಬರಿನಲ್ಲಿ ಅದೇ ರೆಕಾರ್ಡು. ಮಂಗಳವಾರ ಸಂಜೆಯೂ ಹೀಗೇ ಆಯಿತು. ಬುಧವಾರದ ಸರದಿಯೂ ತಪ್ಪಿತು.

ಗುರುವಾರ ಬೆಳಿಗ್ಗೆ ಆರು ಗಂಟೆಗೆ ಬೂದು ಫೋನಿನ ಕೆಂಪು ದೀಪ ಮಿನುಗಿತು. ನಿಂತುಹೋದ ನಂಬರೆಂದು ಗೊತ್ತಿದ್ದರೂ, ಬೇರೆ ದಾರಿ ಕಾಣದೆ ಜಯಶೀಲಾ ಒತ್ತಿದ್ದರು. ಮೊಬೈಲನ್ನು ಗಂಡನ ಕೈಗೆ ಕೊಟ್ಟರು.

"ಖೈರುನ್ನೀಸಾ... ಮಾರಾಯ್ತಿ... ವ್ಯಾನ್..."

ಅಷ್ಟೇ ಮಾತು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ನೀರು ಕುದಿಯುವಂಥ ಗುಳುಗುಳು ಸದ್ದು. ಮೈಯ ನೀರು ಶ್ವಾಸಕೋಶಕ್ಕೆ ನುಗ್ಗಿದಾಗಿನ ಆ ಸದ್ದನ್ನು ಒಂಬತ್ತು ವರ್ಷದಲ್ಲಿ ಖೈರುನ್ನೀಸಾ ಇನ್ನೆರಡು ಸಲ ಕೇಳಿದ್ದರು. ಅದರಲ್ಲೊಬ್ಬರು ಉಳಿದಿರಲಿಲ್ಲ. "ಅಪ್ಪಾಜಿ, ಮಲ್ಕೋಬೇಡಿ. ಕೂತ್ಕೊಂಡೇ ಇರಿ. ಫೋನ್ ಇಡ್ಬೇಡಿ" ಎಂದು ಇತ್ತ ಹೇಳುತ್ತಲೇ ಬಲಗೈಯಲ್ಲಿ ಮೇಜು ಬಡಿದು ಗಂಡನನ್ನು ಕರೆದರು. ಆಂಬುಲೆನ್ಸಿಗೆ ಮೊಬೈಲಿನಿಂದ ಕರೆ ಮಾಡಿದರೆ ಬರಲು ಮುಕ್ಕಾಲು ಗಂಟೆ ಎಂದರು. ಅಬ್ಬಾಸ್ ಅಲಿ ಎರಡು ಬೀದಿ ಆಚೆಯ ಸ್ನೇಹಿತನ ಕಾರು ತೆಗೆದುಕೊಂಡು ಹೊರಟರು. ಅವರು ವೀರಪ್ಪನವರ ಬಾಗಿಲು ತಟ್ಟುವವರೆಗೂ ಹನ್ನೊಂದು ನಿಮಿಷ ಖೈರುನ್ನೀಸಾ ಲೈನು ಬಿಡಲಿಲ್ಲ. ಆಮೇಲೆ, ಕಾರು ಶಿವಮೊಗ್ಗ ಸೇರುವಷ್ಟರಲ್ಲಿ, ಅಲ್ಲಿನ ಕೇಂದ್ರದ ನರ್ಸಿಗೆ ಹೇಳಿ ಒಂದು ಮೆಷಿನ್ ಖಾಲಿ ಮಾಡಿಸಿದರು.

ವೀರಪ್ಪ ಬದುಕಿದರು. ನಾಲ್ಕು ದಿನ ಐಸಿಯುನಲ್ಲಿದ್ದರು.

ಯಾರಾದರೂ ಇಂಥ ಹೊತ್ತಿನಲ್ಲಿ ಒಂದು ಒಳ್ಳೆಯ ಮಾತು ಆಡುತ್ತಾರೆಂದು ಅಂದುಕೊಂಡರೆ ತಪ್ಪು. ಹತ್ತು ದಿನದಲ್ಲಿ ಖೈರುನ್ನೀಸಾಗೆ ನೋಟಿಸು ಬಂತು. ಅನುಮತಿ ಇಲ್ಲದ ಫೋನನ್ನು ಯಾಕೆ ಬಳಸಿದಿರಿ, ವಿವರಣೆ ಕೊಡಿ ಎಂದು. ವೀರಪ್ಪನವರ ಫೈಲಿನಲ್ಲಿ 'ರೋಗಿ ಸಹಕರಿಸಿಲ್ಲ' ಎಂದು ಬರೆಯಲಾಗಿತ್ತು. ಮುಕ್ಕಾಲು ಗಂಟೆ ಗೇಟಿನಲ್ಲಿ ನಿಂತ ಮನುಷ್ಯ ಸಹಕರಿಸಿಲ್ಲವಂತೆ!

ವಿವರಣೆ ಕೊಡಲೆಂದು ಕರೆದ ಶಿವಮೊಗ್ಗದ ಸಭೆಗೆ ಖೈರುನ್ನೀಸಾ ಒಬ್ಬರೇ ಹೋಗಲಿಲ್ಲ. ಜಯಶೀಲಾ ಜೊತೆಗೆ ಬಂದರು. ಹೊಸ ವ್ಯವಸ್ಥೆ ತುಂಬ ಸರಳ, ಚಿಕ್ಕ ಮಕ್ಕಳೂ ಬಳಸಬಹುದು ಎಂದು ಮ್ಯಾನೇಜರ್ ಟ್ರಸ್ಟಿಗಳಿಗೆ ವಿವರಿಸುತ್ತಿದ್ದಾಗ ಜಯಶೀಲಾ ಎದ್ದು, ಗಂಡನ ಮೊಬೈಲನ್ನು ಅವರ ಮುಂದಿಟ್ಟರು. ಎಂಟು ವರ್ಷದ ಹಳೆಯ ಫೋನು. ಗುಂಡಿಗಳ ಮೇಲಿನ ಅಂಕಿಗಳೆಲ್ಲ ಸವೆದು ಹೋಗಿದ್ದವು.

"ಇದ್ರಲ್ಲಿ ಒಂದು ಎಲ್ಲಿದೆ, ಎರಡು ಎಲ್ಲಿದೆ ತೋರ್ಸಿ ಸಾರ್. ನನ್ ಯಜಮಾನ್ರಿಗೆ ಒಂದ್ ಕಣ್ಣು ಕಾಣಲ್ಲ, ಕೈ ನಡುಗತ್ತೆ. ಇವ್ರಿಗೆ ಅದೆಲ್ಲ ಗೊತ್ತು" ಎಂದು ಖೈರುನ್ನೀಸಾ ಕಡೆ ಕೈ ತೋರಿಸಿದರು. "ನಿಮಗೆ ಗೊತ್ತಿತ್ತಾ?"

ಖೈರುನ್ನೀಸಾ ತಮ್ಮ ನೋಟ್‌ಬುಕ್ಕು ತೆರೆದರು. ವೀರಪ್ಪನವರ ಪುಟದಲ್ಲಿ ಮೂರು ವರ್ಷದ ತೂಕ, ಊತ, ನಿದ್ದೆ, ಎಡಗಣ್ಣಿನ ಆಪರೇಷನ್ನು, ಎಲ್ಲವೂ ಇತ್ತು. ಆ್ಯಪ್ ಬಂದ ದಿನದಿಂದ ಪುಟ ಖಾಲಿ. "ವಿವರಣೆ ಕೇಳಿದ್ರಲ್ಲ ಸಾರ್, ಇದೇ" ಎಂದು ಪುಸ್ತಕವನ್ನು ಮೇಜಿನ ಮೇಲೆ ತಳ್ಳಿದರು. ಗಟ್ಟಿಯಾಗಿ ಮಾತಾಡಿ ಅಭ್ಯಾಸವಿಲ್ಲದ ಆ ಹೆಂಗಸಿನ ದನಿ ಅಂದು ಹೊರಗಿನ ವರಾಂಡಕ್ಕೂ ಕೇಳಿಸಿತಂತೆ. "ಫೋನ್ ಹಳೇದು ಅಂದ್ರಿ. ಕೇಳೋ ಕಿವಿನೂ ಹಳೇದಾ?"

ಬೆಳಗಿನ ಕರೆಗಳು ಮರುವಾರವೇ ನ್ಯೂ ಟೌನ್‌ಗೆ ವಾಪಸು ಬಂದವು. ಸಭೆಯ ನಡಾವಳಿಯಲ್ಲಿ ಮಾತ್ರ ಅದನ್ನು 'ಹೆಚ್ಚುವರಿ ಮಾನವ ಸಂಪರ್ಕ ಸೌಲಭ್ಯ' ಎಂದು ಕರೆದಿದ್ದಾರೆ. ನೋಟಿಸನ್ನು ಹಿಂದಕ್ಕೆ ಪಡೆದ ಪತ್ರ ಇನ್ನೂ ಬಂದಿಲ್ಲ. ವೀರಪ್ಪನವರ ಫೈಲಿನ ಆ ಸಾಲನ್ನು ಯಾರೂ ಹೊಡೆದುಹಾಕಿಲ್ಲ. ಅವರ ಕ್ಷಮೆ ಕೇಳಬೇಕೆಂದು ಆ ಮೇಜಿನ ಸುತ್ತ ಕೂತ ಒಬ್ಬರಿಗೂ ಹೊಳೆದಂತಿಲ್ಲ. ಇಷ್ಟರ ನಡುವೆ ಉತ್ತಮ ಡಿಜಿಟಲ್ ಸೇವೆಗೆಂದು ಸಂಘವೊಂದು ಕೊಟ್ಟ ಫಲಕ ಕೇಂದ್ರದ ಗೋಡೆ ಸೇರಿದೆ. ಅದನ್ನು ಪಡೆದವರು ಮ್ಯಾನೇಜರ್. ಡಯಾಲಿಸಿಸ್‌ಗೆ ಬರುವ ಪ್ರತಿಯೊಬ್ಬರೂ ಅದರ ಕೆಳಗೇ ಕುರ್ಚಿ ಹಾಕಿಕೊಂಡು ಸರದಿ ಕಾಯುತ್ತಾರೆ.

"ಹೊಟ್ಟೆ ಉರಿಯಲ್ವಾ ಅಂತ ಎಲ್ರೂ ಕೇಳ್ತಾರೆ. ಉರಿಯತ್ತೆ" ಎನ್ನುತ್ತಾರೆ ಖೈರುನ್ನೀಸಾ, ಮುಚ್ಚುಮರೆಯಿಲ್ಲದೆ. "ಫಲಕ ಅವ್ರೇ ಇಟ್ಕೊಳ್ಲಿ. ಆದ್ರೆ ವೀರಪ್ಪನವ್ರ ಮೇಲೆ ತಪ್ಪು ಹೊರ್ಸಿದ್ರಲ್ಲ, ಅದನ್ನ ಮಾತ್ರ ನಾನು ಮರೆಯಲ್ಲ. ಪ್ರತಿ ತಿಂಗ್ಳೂ ಒಂದು ಅರ್ಜಿ ಬರೀತೀನಿ, ಆ ಸಾಲು ತೆಗೀರಿ ಅಂತ. ಏಳು ಆಗಿದೆ. ಇನ್ನೂ ಬರೀತೀನಿ."

ಈ ತಿಂಗಳು ಟ್ರಸ್ಟು ರೋಗಿಗಳಿಗೆಂದು ಒಂದು ಕೈಪಿಡಿ ಅಚ್ಚು ಹಾಕಿಸುತ್ತಿದೆ. ಡಾಕ್ಟರ ನಂಬರು, ವ್ಯಾನಿನ ನಂಬರು, ಕಚೇರಿಯ ನಂಬರು ಎಲ್ಲ ಅದರಲ್ಲಿವೆ. ತಿದ್ದುಪಡಿಗೆಂದು ಬಂದ ಕರಡಿನಲ್ಲಿ ಖೈರುನ್ನೀಸಾ ಕೊನೆಯ ಪುಟದ ತುದಿಗೆ ಪೆನ್ಸಿಲಿನಲ್ಲಿ ತಮ್ಮ ಲ್ಯಾಂಡ್‌ಲೈನ್ ನಂಬರು ಬರೆದು ಕಳಿಸಿದ್ದಾರೆ. ಹೆಸರು ಬರೆದಿಲ್ಲ. ಹೆಸರು ಯಾಕೆ ಬೇಡ ಎಂದರೆ ತಲೆಯ ಮೇಲಿನ ಸೆರಗು ಸರಿಮಾಡಿಕೊಳ್ಳುತ್ತಾರೆ.

"ನಾಳೆ ನಾನಿಲ್ದಿದ್ರೆ ಬೇರೆ ಯಾರೋ ಕೂರ್ತಾರೆ. ಹೆಸ್ರು ಬೇಡ. ನಂಬರ್ ಪಕ್ಕ ಒಂದೇ ಒಂದು ಮಾತು ಹಾಕಿ ಅಂತ ಕೇಳಿದೀನಿ, 'ಇಲ್ಲಿ ಮನುಷ್ಯರು ಮಾತಾಡ್ತಾರೆ' ಅಂತ."